ಸೈರನ್ ನಿಂತ ಮೇಲೆ: ಜೀವರಕ್ಷಕರ ಮನದ ಗಾಯಕ್ಕೆ ಮದ್ಯವೇ ಮದ್ದೆ?

ಬೆಂಗಳೂರು: ಅಮೃತಹಳ್ಳಿಯ ನಿವಾಸಿಗಳಿಗೆ ಸೈರನ್ ಸದ್ದು ಹೊಸದಲ್ಲ. ಹೆಬ್ಬಾಳದಿಂದ ಯಲಹಂಕದತ್ತ ಸಾಗುವ ಬಳ್ಳಾರಿ ರಸ್ತೆ ಊರಿನ ಮಗ್ಗುಲಲ್ಲೇ ಹಾದುಹೋಗುತ್ತದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ ಬಳಿಕ ಈ ಹೆದ್ದಾರಿಗೆ ಹಗಲು-ರಾತ್ರಿಯ ಭೇದವೇ ಉಳಿದಿಲ್ಲ. ಅದೇ ವರ್ಷ ನವೆಂಬರ್ 1ರ ರಾಜ್ಯೋತ್ಸವದ ದಿನ ರಾಜ್ಯದಲ್ಲಿ 'ಆರೋಗ್ಯ ಕವಚ' ಹೆಸರಿನ 108 ಆಂಬುಲೆನ್ಸ್ ಸೇವೆ ಆರಂಭವಾಯಿತು. ನಡುರಾತ್ರಿಯಲ್ಲಿ ಸೈರನ್ ಕೂಗಿದಾಗ ನಾವು ಮಗ್ಗುಲು ಬದಲಿಸಿ, 'ಪಾಪ, ಯಾರಿಗೆ ಏನಾಯಿತೋ' ಎಂದುಕೊಂಡು ಮತ್ತೆ ನಿದ್ದೆಗೆ ಜಾರುತ್ತೇವೆ.

ಆ 'ಯಾರಿಗೆ' ಎಂಬ ಮಾತಿನಲ್ಲಿ ಗಾಯಾಳು ಇದ್ದಾನೆ, ಅವನ ಮನೆಯವರಿದ್ದಾರೆ. ಆದರೆ ಅದೇ ವಾಹನದಲ್ಲಿರುವ ಇನ್ನಿಬ್ಬರು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಒಬ್ಬರು ಇಎಂಟಿ ಎಂದು ಕರೆಸಿಕೊಳ್ಳುವ ತುರ್ತು ವೈದ್ಯಕೀಯ ತಂತ್ರಜ್ಞರು. ಇನ್ನೊಬ್ಬರು ಇಲಾಖೆಯ ಭಾಷೆಯಲ್ಲಿ 'ಪೈಲಟ್' ಎನಿಸಿಕೊಂಡ ಚಾಲಕರು. ಗಾಯಾಳುವನ್ನು ಆಸ್ಪತ್ರೆಯ ಸ್ಟ್ರೆಚರಿಗೆ ವರ್ಗಾಯಿಸಿದೊಡನೆ ಕಾಗದದಲ್ಲಿ ಆ ಪ್ರಕರಣ ಮುಗಿಯುತ್ತದೆ. ವಾಹನದ ನೆಲಕ್ಕೆ ಅಂಟಿದ ರಕ್ತವನ್ನು ತೊಳೆದು, ಕೈಗವಸು ಬದಲಿಸಿ, ಅವರು ಮುಂದಿನ ಕರೆಗೆ ಹೊರಡುತ್ತಾರೆ. ಕಂಡದ್ದನ್ನು ತೊಳೆದುಕೊಳ್ಳಲು ಮಾತ್ರ ಯಾವ ವ್ಯವಸ್ಥೆಯೂ ಅವರ ಬಳಿ ಇರುವುದಿಲ್ಲ. ಹನ್ನೆರಡು ತಾಸಿನ ಪಾಳಿ ಮುಗಿದ ಮೇಲೆ ಕೆಲವರ ಪಾಲಿಗೆ ಉಳಿಯುವ ಏಕೈಕ ವ್ಯವಸ್ಥೆ ಎಂದರೆ ಮದ್ಯದಂಗಡಿ.

ತುರ್ತು ಸೇವೆಯ ಸಿಬ್ಬಂದಿ ಕುಡಿದರೆ ಅದು ಶಿಸ್ತಿನ ಪ್ರಶ್ನೆ ಎಂದೇ ನಮ್ಮ ಸಮಾಜ ಭಾವಿಸುತ್ತ ಬಂದಿದೆ. ಆದರೆ ವೈದ್ಯವಿಜ್ಞಾನ ಕಳೆದ ನಾಲ್ಕು ದಶಕಗಳಲ್ಲಿ ಕಂಡುಕೊಂಡಿರುವುದು ಬೇರೆ: ಇಂತಹ ಎಷ್ಟೋ ಪ್ರಕರಣಗಳಲ್ಲಿ ವ್ಯಸನವು ಮೂಲ ರೋಗವಲ್ಲ, ಚಿಕಿತ್ಸೆ ದೊರೆಯದ ಮತ್ತೊಂದು ಗಾಯಕ್ಕೆ ರೋಗಿಯೇ ಹುಡುಕಿಕೊಂಡ ತಪ್ಪು ಮದ್ದು. ಆ ಗಾಯವನ್ನು ಅರಿಯದೆ ವ್ಯಸನವನ್ನಷ್ಟೇ ಶಿಕ್ಷಿಸಿದರೆ ಎರಡೂ ಉಳಿಯುತ್ತವೆ; ಹೋಗುವುದು ಒಬ್ಬ ನುರಿತ ಜೀವರಕ್ಷಕ ಮಾತ್ರ.

ಮೊದಲು ತಲುಪುವವರು ಯಾರು?

ಅವಘಡದ ಸ್ಥಳಕ್ಕೆ ಮೊದಲು ತಲುಪುವವರಲ್ಲಿ ಆಂಬುಲೆನ್ಸ್ ಸಿಬ್ಬಂದಿ, ಅಗ್ನಿಶಾಮಕ ದಳದವರು, ಠಾಣೆಯ ಪೊಲೀಸರು, ಗೃಹರಕ್ಷಕರು ಸೇರುತ್ತಾರೆ. ಶವಾಗಾರ ಮತ್ತು ಚಿತಾಗಾರದ ಕೆಲಸಗಾರರನ್ನೂ ಈ ಸಾಲಿಗೆ ಸೇರಿಸುವುದು ನ್ಯಾಯ.

ರಾಜ್ಯದ ನೆನಪಿನಲ್ಲಿ ಇವರ ಹೊರೆಯನ್ನು ಹೇಳುವ ದಿನಗಳು ಹಲವಿವೆ. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಮಂದಿ ಮೃತಪಟ್ಟರು. ಅವರಲ್ಲಿ ಹೆಚ್ಚಿನವರು ಮಕ್ಕಳು. 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದ ಬೆಂಕಿಗೆ ಒಂಬತ್ತು ಮಂದಿ ಬಲಿಯಾದರು. ಹೊಗೆ ತಾಳಲಾರದೆ ಕಿಟಕಿಯಿಂದ ಜಿಗಿದವರನ್ನು ಕೆಳಗಿದ್ದವರು ಕಣ್ಣಾರೆ ಕಂಡರು. ಅದೇ ವರ್ಷ ಮೇ 22ರಂದು ಮಂಗಳೂರಿನ ಬಜಪೆಯಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಕಣಿವೆಗೆ ಉರುಳಿ 158 ಮಂದಿ ಅಸುನೀಗಿದರು. ಬದುಕುಳಿದವರು ಎಂಟೇ ಮಂದಿ. 2021ರ ಏಪ್ರಿಲ್-ಮೇ ತಿಂಗಳಲ್ಲಿ, ಕೋವಿಡ್ ಎರಡನೆಯ ಅಲೆಯ ದಿನಗಳಲ್ಲಿ, ಅಮೃತಹಳ್ಳಿಗೆ ದೂರವಲ್ಲದ ಯಲಹಂಕ ಬಳಿಯ ಮೇಡಿ ಅಗ್ರಹಾರ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳು ಶವಗಳನ್ನು ಹೊತ್ತು ಸಾಲುಗಟ್ಟಿ ನಿಂತಿದ್ದವು.

ವೀನಸ್ ಸರ್ಕಸ್ ದುರಂತದಲ್ಲಿ ತಮ್ಮವರನ್ನು ಕಳೆದುಕೊಂಡ ಬಂಧುಗಳ ದುಃಖವನ್ನು ನಿಮ್ಹಾನ್ಸ್ ತಜ್ಞರು ಅಧ್ಯಯನ ಮಾಡಿ 1987ರಲ್ಲಿ ಪ್ರಕಟಿಸಿದರು. ವಿಪತ್ತಿನ ಬಳಿಕ ಮನಸ್ಸಿಗೂ ಚಿಕಿತ್ಸೆ ಬೇಕೆಂಬ ಅರಿವು ದೇಶದಲ್ಲಿ ಮೂಡತೊಡಗಿದ ಕಾಲ ಅದು. ಆದರೆ ಬಂಧುಗಳ ದುಃಖಕ್ಕೆ ಒಂದು ಹೆಸರಿದೆ, ಆಚರಣೆಯಿದೆ, ಹನ್ನೊಂದನೆಯ ದಿನವಿದೆ, ವರ್ಷಾಬ್ದಿಕವಿದೆ. ಯಾರದೋ ಮಗುವಿನ ದೇಹವನ್ನು ಎತ್ತಿ ತಂದ ಕೈಗಳಿಗೆ ಅಂತಹದ್ದೇನೂ ಇಲ್ಲ. ಅವರು ದುಃಖಿಸಲು ಅರ್ಹರೇ ಎಂಬ ಪ್ರಶ್ನೆಗೆ ಅವರಲ್ಲೇ ಉತ್ತರವಿರುವುದಿಲ್ಲ.

ಏನಿದು ಆಘಾತ?

ಭೀಕರ ಘಟನೆಯೊಂದರ ನಂತರ ಕೆಲದಿನ ನಿದ್ದೆ ಬಾರದಿರುವುದು, ಊಟ ಸೇರದಿರುವುದು ಸಹಜ. ಬಹುಪಾಲು ಜನರಲ್ಲಿ ಇದು ತಾನಾಗಿಯೇ ಇಳಿಯುತ್ತದೆ. ಲಕ್ಷಣಗಳು ಒಂದು ತಿಂಗಳು ದಾಟಿಯೂ ಉಳಿದು, ಕೆಲಸ-ಸಂಸಾರಗಳನ್ನು ಕೆಡಿಸತೊಡಗಿದಾಗ ವೈದ್ಯರು ಅದನ್ನು ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ ಎಂದು ಗುರುತಿಸುತ್ತಾರೆ. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಗಳ ಕೈಪಿಡಿಯಲ್ಲಿ ಈ ಹೆಸರನ್ನು ಮೊದಲ ಬಾರಿಗೆ ಸೇರಿಸಿತು. 2013ರ ಆವೃತ್ತಿಯಲ್ಲಿ ಇನ್ನೊಂದು ಮುಖ್ಯ ಮಾತು ಸ್ಪಷ್ಟವಾಯಿತು. ಸ್ವತಃ ಅಪಾಯಕ್ಕೆ ಸಿಲುಕದಿದ್ದರೂ, ಕೆಲಸದ ಭಾಗವಾಗಿ ಇಂತಹ ದೃಶ್ಯಗಳಿಗೆ ಮತ್ತೆ ಮತ್ತೆ ಒಡ್ಡಿಕೊಳ್ಳುವವರಿಗೂ ಈ ಕಾಯಿಲೆ ಬರಬಹುದು ಎಂದು ಕೈಪಿಡಿ ಒಪ್ಪಿಕೊಂಡಿತು. ಅದು ನೀಡಿದ ಉದಾಹರಣೆಯೇ ಮಾನವ ದೇಹದ ಅವಶೇಷಗಳನ್ನು ಸಂಗ್ರಹಿಸುವ ರಕ್ಷಣಾ ಸಿಬ್ಬಂದಿ.

ಲಕ್ಷಣಗಳು ನಾಲ್ಕು ಬಗೆಯವು. ಮೊದಲನೆಯದು, ಬೇಡವೆಂದರೂ ನುಗ್ಗಿ ಬರುವ ನೆನಪು ಮತ್ತು ದುಃಸ್ವಪ್ನ. ಎರಡನೆಯದು, ಅದನ್ನು ನೆನಪಿಸುವ ಜಾಗ, ಜನ, ಮಾತುಗಳಿಂದ ತಪ್ಪಿಸಿಕೊಳ್ಳುವುದು. ಮೂರನೆಯದು, ಮನಸ್ಸು ಮರಗಟ್ಟುವುದು ಮತ್ತು 'ನಾನು ಎರಡು ನಿಮಿಷ ಮೊದಲೇ ತಲುಪಿದ್ದರೆ' ಎಂಬಂತಹ ಅಪರಾಧಿ ಭಾವ. ನಾಲ್ಕನೆಯದು, ದೇಹ ಸದಾ ಎಚ್ಚರದಲ್ಲೇ ಇರುವುದು: ಸಣ್ಣ ಸದ್ದಿಗೆ ಬೆಚ್ಚುವುದು, ಸಣ್ಣ ಮಾತಿಗೆ ಸಿಡುಕುವುದು, ನಿದ್ದೆ ಬಾರದಿರುವುದು.

ಸಾಮಾನ್ಯ ನೆನಪು ಹಳೆಯ ಛಾಯಾಚಿತ್ರದಂತೆ ಮಾಸುತ್ತದೆ. ಆಘಾತದ ನೆನಪು ಹಾಗಲ್ಲ. ಅಪಾಯವನ್ನು ಗುರುತಿಸುವ ಮಿದುಳಿನ ಭಾಗವಾದ ಅಮಿಗ್ಡಲಾ ಅದನ್ನು ವಾಸನೆ, ಸದ್ದು, ಬಣ್ಣಗಳ ಚೂರುಗಳಾಗಿ ಹಿಡಿದಿಟ್ಟುಕೊಳ್ಳುತ್ತದೆ. ಗ್ಯಾರೇಜಿನಲ್ಲಿ ಸುಟ್ಟ ಟೈರಿನ ವಾಸನೆ, ದೀಪಾವಳಿಯ ಪಟಾಕಿ, ಮದುವೆ ಮನೆಯಲ್ಲಿ ಅತ್ತ ಪುಟ್ಟ ಮಗುವಿನ ದನಿ ಇವುಗಳಲ್ಲಿ ಯಾವುದಾದರೊಂದು ಸಾಕು. ಘಟನೆ ನೆನಪಾಗುವುದಷ್ಟೇ ಅಲ್ಲ, ಈಗಲೇ ನಡೆಯುತ್ತಿರುವಂತೆ ದೇಹ ಬೆವರುತ್ತದೆ.

ಎಲ್ಲ ಅವಘಡವೂ ಗಾಯವಲ್ಲ

ದೊಡ್ಡ ದುರಂತವೇ ದೊಡ್ಡ ಆಘಾತ ಎಂದು ತಿಳಿಯುವುದು ತಪ್ಪು. 2019ರ ಫೆಬ್ರವರಿ 23ರಂದು ಯಲಹಂಕದ ಏರೋ ಇಂಡಿಯಾ ಪ್ರದರ್ಶನದ ವಾಹನ ನಿಲುಗಡೆ ಮೈದಾನದಲ್ಲಿ ಹೊತ್ತಿದ ಬೆಂಕಿಗೆ ಸುಮಾರು 300 ಕಾರುಗಳು ಸುಟ್ಟುಹೋದವು. ಹೊಗೆ ಮೈಲುಗಟ್ಟಲೆ ದೂರಕ್ಕೆ ಕಂಡಿತು, ಅದೃಷ್ಟವಶಾತ್ ಜೀವಹಾನಿಯಾಗಲಿಲ್ಲ. ಇಂತಹ ಬೆಂಕಿ ಮೈಯನ್ನು ದಣಿಸುತ್ತದೆ, ಆದರೆ ದಣಿದ ಮೈಗೆ ನಿದ್ದೆ ಬರುತ್ತದೆ. ಪತ್ರಿಕೆಯ ಒಂದು ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿಯಾಗುವ ಅಪಘಾತವೊಂದು ಒಬ್ಬ ಸಿಬ್ಬಂದಿಯನ್ನು ವರ್ಷಗಟ್ಟಲೆ ಕಾಡಬಹುದು.

ಹೆಚ್ಚು ಗಾಯ ಮಾಡುವ ಸಂದರ್ಭಗಳನ್ನು ತಜ್ಞರು ಗುರುತಿಸಿದ್ದಾರೆ. ಮಕ್ಕಳ ಸಾವು, ಪರಿಚಿತರ ಅಥವಾ ಸಹೋದ್ಯೋಗಿಯ ಸಾವು, ಕೈಲಿ ಸಾಧನವಿಲ್ಲದೆ ನೋಡುತ್ತ ನಿಲ್ಲಬೇಕಾದ ಅಸಹಾಯಕತೆ, ತಡವಾಗಿ ಬಂದಿರೆಂದು ಗುಂಪು ಹಲ್ಲೆಗೆ ಮುಂದಾಗುವುದು ಇವುಗಳಲ್ಲಿ ಪ್ರಮುಖವಾದವು. ಸತ್ತ ಮಗುವಿಗೂ ಮನೆಯಲ್ಲಿರುವ ತನ್ನ ಮಗುವಿಗೂ ಒಂದೇ ವಯಸ್ಸಾಗಿದ್ದರೆ, ಒಂದೇ ಬಗೆಯ ಶಾಲಾ ಸಮವಸ್ತ್ರವಿದ್ದರೆ, ಅನುಭವಿ ಸಿಬ್ಬಂದಿಯೂ ಕುಸಿಯುತ್ತಾರೆ. ಕೆಲವರನ್ನು ಒಂದೇ ಘಟನೆಯಲ್ಲ, ಹತ್ತು ವರ್ಷಗಳ ಸಣ್ಣ ಸಣ್ಣ ಘಟನೆಗಳು ಹನಿಗೂಡಿ ಹಳ್ಳವಾಗಿ ಮುಳುಗಿಸುತ್ತವೆ.

ಅಂಕಿ ಅಂಶಗಳು ಏನು ಹೇಳುತ್ತವೆ?

ನಾನಾ ದೇಶಗಳ ರಕ್ಷಣಾ ಸಿಬ್ಬಂದಿಯ ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಸರಾಸರಿ ಶೇ 10ರಷ್ಟು ಮಂದಿಯಲ್ಲಿ ಪಿಟಿಎಸ್‌ಡಿ ಇದೆಯೆಂದು ಅಂದಾಜಿಸಿತು. ಅಗ್ನಿಶಾಮಕರು ಮತ್ತು ಪೊಲೀಸರಿಗಿಂತ ಆಂಬುಲೆನ್ಸ್ ಸಿಬ್ಬಂದಿಯಲ್ಲಿ ಈ ಪ್ರಮಾಣ ಹೆಚ್ಚಿತ್ತು. ಆಸ್ಟ್ರೇಲಿಯಾದಲ್ಲಿ 'ಬಿಯಾಂಡ್ ಬ್ಲೂ' ಸಂಸ್ಥೆ 21 ಸಾವಿರಕ್ಕೂ ಹೆಚ್ಚು ಪೊಲೀಸ್ ಮತ್ತು ತುರ್ತು ಸೇವಾ ಸಿಬ್ಬಂದಿಯನ್ನು ಮಾತನಾಡಿಸಿ 2018ರಲ್ಲಿ ಹೊರತಂದ ವರದಿಯೂ ಹತ್ತರಲ್ಲಿ ಒಬ್ಬರು ಎಂಬ ಲೆಕ್ಕವನ್ನೇ ಕೊಟ್ಟಿತು. ಕಂಡ ದೃಶ್ಯಗಳಷ್ಟೇ ಹಾನಿಯನ್ನು ಕೆಟ್ಟ ಕೆಲಸದ ವಾತಾವರಣವೂ ಮಾಡಬಲ್ಲದು ಎಂಬುದು ಆ ವರದಿಯ ಇನ್ನೊಂದು ಗಮನಾರ್ಹ ಅಂಶ.

ನಮ್ಮ ದೇಶದ ಹಿನ್ನೆಲೆ ಇನ್ನೂ ಕಳವಳಕಾರಿ. ನಿಮ್ಹಾನ್ಸ್ ನೇತೃತ್ವದಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಮದ್ಯಪಾನದ ಸಮಸ್ಯೆಗೆ ಚಿಕಿತ್ಸೆ ಬೇಕಿದ್ದವರಲ್ಲಿ ಶೇ 86ರಷ್ಟು ಮಂದಿ ಚಿಕಿತ್ಸೆಯಿಂದ ಹೊರಗುಳಿದಿದ್ದರು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಿದ್ಧಪಡಿಸಿದ 2019ರ ವರದಿಯು ಮದ್ಯ ಸೇವಿಸುವವರ ಸಂಖ್ಯೆಯನ್ನು ಸುಮಾರು 16 ಕೋಟಿ ಎಂದೂ, ಅವರಲ್ಲಿ ನೆರವು ಬೇಕಾದವರನ್ನು ಸುಮಾರು 5.7 ಕೋಟಿ ಎಂದೂ ಅಂದಾಜಿಸಿತು. ಮದ್ಯವ್ಯಸನಿಗಳಲ್ಲಿ 38 ಮಂದಿಗೆ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿತ್ತು.

ಬಾಟಲಿಯೇ ಏಕೆ?

ಉತ್ತರ ಸರಳ: ಮೊದಲ ರಾತ್ರಿ ಅದು ಕೆಲಸ ಮಾಡುತ್ತದೆ. ಮದ್ಯವು ಮಿದುಳನ್ನು ಶಾಂತಗೊಳಿಸುವ ರಾಸಾಯನಿಕಗಳ ಪ್ರಭಾವವನ್ನು ಹೆಚ್ಚಿಸುತ್ತದೆ. ದಿನವಿಡೀ ಬಿಗಿದ ತಂತಿಯಂತಿದ್ದ ನರಗಳು ಸಡಿಲಗೊಳ್ಳುತ್ತವೆ, ಕಣ್ಣೆದುರಿನ ಚಿತ್ರ ಮಸುಕಾಗುತ್ತದೆ, ನಿದ್ದೆ ಬೇಗ ಹತ್ತುತ್ತದೆ. ವ್ಯಸನಿಗಳು ಬರಿಯ ಸುಖಕ್ಕಾಗಿ ಅಲ್ಲ, ತಾಳಲಾರದ ನೋವನ್ನು ತಾವೇ ಶಮನ ಮಾಡಿಕೊಳ್ಳಲು ಮಾದಕಗಳ ಮೊರೆಹೋಗುತ್ತಾರೆ ಎಂಬ ವಾದವನ್ನು ಅಮೆರಿಕದ ಮನೋವೈದ್ಯ ಎಡ್ವರ್ಡ್ ಖಾಂಜಿಯನ್ 1985ರಲ್ಲೇ ಮಂಡಿಸಿದ್ದರು.

ಆದರೆ ಈ ಮದ್ದಿನ ಬಡ್ಡಿ ಬಲು ದುಬಾರಿ. ಕನಸುಗಳು ಬೀಳುವ ನಿದ್ದೆಯ ಹಂತವನ್ನು ಮದ್ಯವು ರಾತ್ರಿಯ ಮೊದಲ ಭಾಗದಲ್ಲಿ ಅದುಮಿಡುತ್ತದೆ. ಅಮಲು ಇಳಿಯುತ್ತಿದ್ದಂತೆ ಅದೇ ಹಂತ ದುಪ್ಪಟ್ಟಾಗಿ ಹಿಂತಿರುಗುತ್ತದೆ. ನಸುಕಿನ ಮೂರು ಗಂಟೆಗೆ ಎದೆ ಬಡಿದುಕೊಂಡು ಎಚ್ಚರಾಗುವುದು ಇದೇ ಕಾರಣಕ್ಕೆ. ಮರುದಿನ ಎರಡು ಗುಟುಕು ಹೆಚ್ಚು ಬೇಕಾಗುತ್ತದೆ. ಇದಕ್ಕಿಂತ ಮುಖ್ಯವಾಗಿ, ನೆನಪು ಜೀರ್ಣವಾಗಲು ಮನಸ್ಸು ಅದನ್ನು ಎಚ್ಚರದಲ್ಲಿ ಎದುರಿಸಬೇಕು. ಪ್ರತಿ ಸಂಜೆ ಅದನ್ನು ಅಮಲಿನಲ್ಲಿ ಮುಳುಗಿಸಿದರೆ ಗಾಯ ಹಸಿಯಾಗಿಯೇ ಉಳಿಯುತ್ತದೆ.

ಎಲ್ಲವೂ ಮದ್ಯವೇ ಆಗಬೇಕಿಲ್ಲ. ನಿದ್ದೆ ತಡೆಯಲು ಬೀಡಿ, ಸಿಗರೇಟು, ಹೊಗೆಸೊಪ್ಪು. ಸೊಂಟನೋವಿಗೆಂದು ಆರಂಭವಾದ ನೋವು ನಿವಾರಕ ಮಾತ್ರೆ. ಸ್ನೇಹಿತರು ಕೊಟ್ಟ ನಿದ್ರೆ ಮಾತ್ರೆ ಇವೂ ಇದೇ ದಾರಿಯಲ್ಲಿ ನಡೆಸುತ್ತವೆ. ಆಘಾತದ ಮೊದಲ ತಿಂಗಳಲ್ಲಿ ನಿದ್ದೆಗಾಗಿ ಬೆಂಜೊಡಯಾಜೆಪಿನ್ ವರ್ಗದ ಮಾತ್ರೆಗಳನ್ನು ವಯಸ್ಕರಿಗೆ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಹೇಳಿರುವುದು ಗಮನಾರ್ಹ.

'ಕುಡಿಯದೆ ಈ ಕೆಲಸ ಮಾಡಲಾಗದು' ಎಂಬ ಮಾತು ಶವಾಗಾರಗಳಲ್ಲಿ ಹಳೆಯದು. ಹೊಸಬರಿಗೆ ಹಿರಿಯರೇ ಮೊದಲ ಲೋಟ ಕೊಡುವುದು ಕ್ರೌರ್ಯದಿಂದಲ್ಲ, ಕರುಣೆಯಿಂದ. ಅವರಿಗೆ ಕೊಡಲು ಬೇರೇನೂ ಗೊತ್ತಿಲ್ಲ ಎಂಬುದೇ ಇಲ್ಲಿಯ ದುರಂತ.

ಒಂದು ಕ್ವಾರ್ಟರಿನ ಲೆಕ್ಕ

ಇದು ಸಿಬ್ಬಂದಿಯ ಖಾಸಗಿ ಸಂಕಟ ಮಾತ್ರವಲ್ಲ; ಕರೆ ಮಾಡಿದ ಪ್ರತಿಯೊಬ್ಬರ ಜೀವದ ಪ್ರಶ್ನೆಯೂ ಹೌದು. ಲೆಕ್ಕ ನೋಡಿ. ಶೇ 42.8ರಷ್ಟು ಪ್ರಬಲವಾದ 180 ಮಿಲಿ ಲೀಟರ್ ಮದ್ಯದಲ್ಲಿ, ಅಂದರೆ ಒಂದು ಕ್ವಾರ್ಟರಿನಲ್ಲಿ, ಸುಮಾರು 60 ಗ್ರಾಂ ಶುದ್ಧ ಆಲ್ಕೊಹಾಲ್ ಇರುತ್ತದೆ. ವಯಸ್ಕರ ದೇಹ ಇದನ್ನು ತಾಸಿಗೆ ಸುಮಾರು 7ರಿಂದ 10 ಗ್ರಾಂನಂತೆ ಮಾತ್ರ ಕರಗಿಸಬಲ್ಲದು. ಆ ಲೆಕ್ಕದಲ್ಲಿ ಒಂದು ಕ್ವಾರ್ಟರ್ ಪೂರ್ತಿ ಇಳಿಯಲು ಆರರಿಂದ ಎಂಟೂವರೆ ತಾಸು, ಎರಡು ಕ್ವಾರ್ಟರ್ ಇಳಿಯಲು ಹನ್ನೆರಡರಿಂದ ಹದಿನೇಳು ತಾಸು ಬೇಕು.

ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಹೊರಬಿದ್ದವರು ಹನ್ನೊಂದರೊಳಗೆ ಎರಡು ಕ್ವಾರ್ಟರ್ ಮುಗಿಸಿ ಮಲಗಿದರೆನ್ನಿ. ಸಂಜೆ ಎದ್ದು, ಸ್ನಾನ ಮಾಡಿ, ಕಾಫಿ ಕುಡಿದು, ತಾವು ಸರಿಯಾಗಿದ್ದೇವೆಂದು ನಂಬಿ ರಾತ್ರಿ ಎಂಟಕ್ಕೆ ಮತ್ತೆ ಕೆಲಸಕ್ಕೆ ಹಾಜರಾಗುವಾಗಲೂ ರಕ್ತದಲ್ಲಿ ಆಲ್ಕೊಹಾಲ್ ಉಳಿದಿರುತ್ತದೆ. ಸ್ನಾನವಾಗಲಿ ಕಾಫಿಯಾಗಲಿ ಆ ವೇಗವನ್ನು ಹೆಚ್ಚಿಸಲಾರವು. ಮೋಟಾರು ವಾಹನ ಕಾಯ್ದೆಯ ಮಿತಿ 100 ಮಿಲಿ ಲೀಟರ್ ರಕ್ತಕ್ಕೆ 30 ಮಿಲಿ ಗ್ರಾಂ. ಮಿತಿಯೊಳಗೇ ಇದ್ದರೂ ಕೈನಡುಕ, ನಿದ್ದೆಗೇಡಿನ ಮಂಪರು ಉಳಿದೇ ಇರುತ್ತವೆ. ಆ ಕೈಗಳು ಬಳ್ಳಾರಿ ರಸ್ತೆಯ ವಾಹನ ದಟ್ಟಣೆಯಲ್ಲಿ ಆಂಬುಲೆನ್ಸ್ ನಡೆಸಬೇಕು, ಓಡುವ ಗಾಡಿಯಲ್ಲಿ ರಕ್ತನಾಳ ಹುಡುಕಬೇಕು.

ಎರಡು ಬಾಗಿಲುಗಳ ನಡುವೆ

'ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು' ಎಂಬ ನಮ್ಮ ಗಾದೆ ಈ ರೋಗಿಗಳ ಪಾಡಿಗೆ ಚೆನ್ನಾಗಿ ಒಪ್ಪುತ್ತದೆ. ಮನಸ್ಸಿನ ಚಿಕಿತ್ಸೆಗೆ ಹೋದರೆ 'ಮೊದಲು ಕುಡಿತ ಬಿಟ್ಟು ಬನ್ನಿ' ಎನ್ನುತ್ತಾರೆ. ಕುಡಿತ ಬಿಡಿಸುವ ಶಿಬಿರಕ್ಕೆ ಹೋದರೆ ಕುಡಿತವೇನೋ ನಿಲ್ಲುತ್ತದೆ. ಅದು ಮುಚ್ಚಿಟ್ಟಿದ್ದ ದುಃಸ್ವಪ್ನಗಳೆಲ್ಲ ಒಟ್ಟಿಗೇ ಎದ್ದು ನಿಲ್ಲುತ್ತವೆ. ಮನೆಗೆ ಮರಳಿದ ಕೆಲವೇ ವಾರಗಳಲ್ಲಿ ಬಾಟಲಿ ಮತ್ತೆ ಕೈಗೆ ಬರುತ್ತದೆ. 'ಶಿಬಿರಕ್ಕೆ ಕಳಿಸಿದರೂ ಬುದ್ಧಿ ಬರಲಿಲ್ಲ' ಎಂಬ ಅಪವಾದ ಹೊಸದಾಗಿ ಸೇರಿಕೊಳ್ಳುತ್ತದೆ.

ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಕೊಡಬೇಕೆಂಬುದು ಇಂದಿನ ವೈದ್ಯಕೀಯ ತಿಳಿವಳಿಕೆ. ಮಾರ್ಗದರ್ಶನದಲ್ಲಿ, ಸುರಕ್ಷಿತ ವಾತಾವರಣದಲ್ಲಿ, ಆಘಾತದ ನೆನಪನ್ನು ಹಂತಹಂತವಾಗಿ ಎದುರಿಸುವಂತೆ ಮಾಡುವ ಮಾತಿನ ಚಿಕಿತ್ಸೆಗಳು ಪರಿಣಾಮಕಾರಿ ಎಂದು ಸಿದ್ಧವಾಗಿವೆ. ಅಗತ್ಯವಿದ್ದರೆ ಖಿನ್ನತೆ ನಿವಾರಕ ಔಷಧಗಳು, ಕುಡಿಯುವ ಹಂಬಲವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂತಹ ಔಷಧಗಳು ಜೊತೆಗೂಡುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು, ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗಗಳು ಅನೇಕರಿಗೆ ಆಸರೆಯಾಗಿವೆ. ಆಘಾತಕ್ಕೆ ಒಳಗಾದವರು ಈ ಆಸರೆಯ ಜೊತೆಗೆ ಮನೋವೈದ್ಯರ ನೆರವನ್ನೂ ಪಡೆಯಬೇಕೆಂಬುದಷ್ಟೇ ಇಲ್ಲಿಯ ಮಾತು.

ಒಂದು ಎಚ್ಚರಿಕೆ ಅತ್ಯವಶ್ಯ. ಬಹುಕಾಲ ದಿನನಿತ್ಯ ಕುಡಿಯುತ್ತಿದ್ದವರು ಮನೆಯಲ್ಲೇ ಥಟ್ಟನೆ ನಿಲ್ಲಿಸುವುದು ಅಪಾಯ. ಮೊದಲ ದಿನ ಕೈನಡುಕ, ಬೆವರು ಕಾಣಿಸಿಕೊಳ್ಳುತ್ತವೆ. ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಇಲ್ಲದ್ದು ಕಾಣುವ, ಗುರುತು ತಪ್ಪುವ ಸನ್ನಿ ಹಿಡಿದು ಪ್ರಾಣಕ್ಕೇ ಸಂಚಕಾರವಾಗಬಹುದು. 2020ರ ಮಾರ್ಚ್ 25ರ ಲಾಕ್‌ಡೌನ್‌ನಿಂದ ಮೇ 4ರವರೆಗೆ ಮದ್ಯದಂಗಡಿಗಳು ಮುಚ್ಚಿದ್ದಾಗ ಇಂತಹ ತೀವ್ರ ಲಕ್ಷಣಗಳ ರೋಗಿಗಳು ಬೆಂಗಳೂರಿನಲ್ಲಿ ಹೆಚ್ಚಿದ್ದನ್ನು ವೈದ್ಯರು ದಾಖಲಿಸಿದ್ದಾರೆ. ಬಿಡುವುದು ಸರಿ, ಆದರೆ ವೈದ್ಯರ ಕಣ್ಗಾವಲಿನಲ್ಲಿ ಬಿಡಬೇಕು.

ಬಾಯಿ ಬಿಟ್ಟರೆ ಕೆಲಸ ಹೋದೀತೆ?

ಚಿಕಿತ್ಸೆ ಇದ್ದೂ ಸಿಬ್ಬಂದಿ ಬಾರದಿರಲು ದೊಡ್ಡ ಕಾರಣ ಭಯ. 'ಮನೋವೈದ್ಯರ ಬಳಿ ಹೋದನಂತೆ' ಎಂಬ ಒಂದು ಮಾತು ಬಡ್ತಿಯನ್ನೂ ಮರ್ಯಾದೆಯನ್ನೂ ಕಸಿಯುತ್ತದೆ ಎಂಬ ಅಳುಕು. ಸಮವಸ್ತ್ರ ತೊಟ್ಟವರು ಅಳಬಾರದು ಎಂಬ ಹಳೆಯ ಕಟ್ಟಳೆ ಇದರ ಬೆನ್ನಿಗಿದೆ.

ಈ ವಿಷಯದಲ್ಲಿ ಕಾನೂನು ಸಮಾಜಕ್ಕಿಂತ ಮುಂದಿದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಮದ್ಯ ಹಾಗೂ ಮಾದಕಗಳ ದುರ್ಬಳಕೆಯಿಂದ ಉಂಟಾಗುವ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿಸಿದೆ. ಅದರ 23ನೆಯ ಕಲಂ ಚಿಕಿತ್ಸೆಯ ಗೋಪ್ಯತೆಯನ್ನು ರೋಗಿಯ ಹಕ್ಕಾಗಿಸಿದೆ. ಮಾದಕ ವಸ್ತು ನಿಯಂತ್ರಣ ಕಾಯ್ದೆಯ 64ಎ ಕಲಂ, ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ತಾವಾಗಿ ಚಿಕಿತ್ಸೆಗೆ ಬರುವ ವ್ಯಸನಿಗಳಿಗೆ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ನೌಕರನನ್ನು ಸರ್ಕಾರಿ ಸಂಸ್ಥೆ ತೆಗೆದುಹಾಕುವಂತಿಲ್ಲ, ದರ್ಜೆ ಇಳಿಸುವಂತಿಲ್ಲ ಎನ್ನುತ್ತದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೆಯ ಕಲಂ. ಮಾನಸಿಕ ಅಸ್ವಾಸ್ಥ್ಯವೂ ಆ ಕಾಯ್ದೆಯ ಪಟ್ಟಿಯಲ್ಲಿದೆ. 2021ರ ಡಿಸೆಂಬರ್‌ನಲ್ಲಿ ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ, ಮಾನಸಿಕ ಅಸ್ವಾಸ್ಥ್ಯಕ್ಕೆ ಸಂಬಂಧಿಸಿದ ನಡವಳಿಕೆಗಾಗಿ ಶಿಸ್ತುಕ್ರಮ ಹೂಡುವುದು ಪರೋಕ್ಷ ತಾರತಮ್ಯವಾಗುತ್ತದೆ ಎಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತು.

ತೊಡಕು ಇರುವುದು ಬೇರೆಡೆ. 20ನೆಯ ಕಲಮಿನ ಆ ರಕ್ಷಣೆ ಸರ್ಕಾರಿ ಸಂಸ್ಥೆಯ ನೌಕರರಿಗೆ ಸಂಬಂಧಿಸಿದ್ದು. 108 ಸೇವೆಯಾದರೋ 2008ರಿಂದ ಬಹುಕಾಲ ಖಾಸಗಿ ಸಂಸ್ಥೆಯ ಮೂಲಕವೇ ನಡೆದಿದೆ. ಗುತ್ತಿಗೆಯ ನೌಕರನಿಗೆ ಮುಂದಿನ ತಿಂಗಳ ಸಂಬಳವೇ ಖಾತ್ರಿಯಿಲ್ಲದಿರುವಾಗ ತನ್ನ ದುಃಸ್ವಪ್ನಗಳ ಕಥೆಯನ್ನು ಮೇಲಧಿಕಾರಿಗೆ ಹೇಳುವ ಧೈರ್ಯ ಎಲ್ಲಿಂದ ಬರಬೇಕು?

ಕುಡಿದ ಚಾಲಕನನ್ನು ಸುಮ್ಮನೆ ಬಿಡಬೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಖಂಡಿತ ಬಿಡಬಾರದು. ಅವನನ್ನು ಆ ಕ್ಷಣವೇ ಸ್ಟಿಯರಿಂಗ್‌ನಿಂದ ಇಳಿಸಬೇಕು. ಆದರೆ ಸ್ಟಿಯರಿಂಗ್‌ನಿಂದ ಇಳಿಸುವುದು ಬೇರೆ, ಹಾಜರಿ ಪುಸ್ತಕದಿಂದಲೇ ಅಳಿಸುವುದು ಬೇರೆ. ನೌಕರಿ ಉಳಿಸಿಕೊಂಡು ಚಿಕಿತ್ಸೆ ಕೊಡಿಸುವ ದಾರಿ ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ. ನಿಮ್ಹಾನ್ಸ್ ತಜ್ಞರು ಕೆಎಸ್‌ಆರ್‌ಟಿಸಿ ನೌಕರರಿಗಾಗಿ ಕೆಲಸದ ಸ್ಥಳಕ್ಕೇ ಹೊಂದಿಸಿದ ಮದ್ಯವ್ಯಸನ ತಡೆ ಕಾರ್ಯಕ್ರಮವನ್ನು ಹಿಂದೆಯೇ ನಡೆಸಿದ್ದಾರೆ. ಬಸ್ಸಿನ ಚಾಲಕರಿಗೆ ಸಲ್ಲುವುದು ಆಂಬುಲೆನ್ಸಿನ ಚಾಲಕರಿಗೂ ಸಲ್ಲಬೇಕಲ್ಲವೆ?

ಇಲಾಖೆ ಮಾಡಬಹುದಾದದ್ದು

ದುರಂತ ನಡೆದ ಮರುದಿನ ಎಲ್ಲರನ್ನೂ ಒಂದು ಕೊಠಡಿಯಲ್ಲಿ ಕೂರಿಸಿ ಕಂಡದ್ದನ್ನೆಲ್ಲ ಹೇಳಿಸುವುದು ಒಳ್ಳೆಯದೆಂಬ ನಂಬಿಕೆ ಬಹುಕಾಲವಿತ್ತು. ಅಮೆರಿಕದ ಜೆಫ್ರಿ ಮಿಚೆಲ್ 1983ರಲ್ಲಿ ಈ ಕ್ರಮವನ್ನು ರೂಪಿಸಿದ್ದರು. ಆದರೆ ಇಂತಹ ಒಂದೇ ಬಾರಿಯ ಕೂಟ ಪಿಟಿಎಸ್‌ಡಿಯನ್ನು ತಡೆಯುವುದಿಲ್ಲ, ಕೆಲವರಿಗೆ ಕೆಡುಕನ್ನೂ ಮಾಡಬಹುದು ಎಂದು 2002ರ ಕಾಕ್ರೇನ್ ವಿಮರ್ಶೆ ತೋರಿಸಿತು. ಬಲವಂತದಿಂದ ಗಾಯ ಬಿಚ್ಚಿಸುವುದು ಶುಶ್ರೂಷೆಯಲ್ಲ.

ಅದರ ಬದಲು 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಸರಳ ದಾರಿ ತೋರುತ್ತದೆ: ಗಮನಿಸಿ, ಆಲಿಸಿ, ಸೂಕ್ತ ನೆರವಿಗೆ ಜೋಡಿಸಿ. ಮಗುವಿನ ಸಾವು ಕಂಡ ತಂಡಕ್ಕೆ ಕೂಡಲೇ ಮತ್ತೊಂದು ಕರೆ ಕೊಡದೆ ಒಂದೆರಡು ತಾಸು ಬಿಡುವು ಕೊಡುವುದು, ಸತತ ರಾತ್ರಿ ಪಾಳಿಗಳನ್ನು ತಪ್ಪಿಸುವುದು, ಸಂಬಳವನ್ನು ಹೊತ್ತಿಗೆ ಸರಿಯಾಗಿ ಕೊಡುವುದು, ಸಹೋದ್ಯೋಗಿಗಳಲ್ಲೇ ಕೆಲವರಿಗೆ ಆಲಿಸುವ ತರಬೇತಿ ಕೊಡುವುದು, ಇಲಾಖೆಗೆ ವರದಿ ಹೋಗದ ಆಪ್ತಸಲಹೆಗಾರರನ್ನು ಗೊತ್ತುಮಾಡುವುದು ಇವಾವುವೂ ಕೋಟಿಗಟ್ಟಲೆ ಹಣ ಬೇಡುವ ಯೋಜನೆಗಳಲ್ಲ.

ಕಾಯಿಲೆ ತಿಂಗಳುಗಳ ನಂತರವೂ ತಲೆಯೆತ್ತಬಹುದು ಎಂಬುದನ್ನೂ ಮರೆಯುವಂತಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ನ್ಯೂಯಾರ್ಕ್ ಅಗ್ನಿಶಾಮಕ ಇಲಾಖೆ 343 ಸಿಬ್ಬಂದಿಯನ್ನು ಕಳೆದುಕೊಂಡಿತು. ಅಂದು ಬದುಕುಳಿದ ರಕ್ಷಣಾ ಸಿಬ್ಬಂದಿಯಲ್ಲಿ ವರ್ಷಗಳ ಬಳಿಕವೂ ಆಘಾತದ ಲಕ್ಷಣಗಳು ಕಂಡುಬಂದಿವೆ. ಆದುದರಿಂದ ಘಟನೆಯ ಮರುದಿನದ ವಿಚಾರಣೆಯೊಂದೇ ಸಾಲದು. ಮೂರು ತಿಂಗಳಿಗೆ, ಆರು ತಿಂಗಳಿಗೆ ಮತ್ತೊಮ್ಮೆ ಕೇಳಬೇಕು.

ಮನೆಯವರು ಗಮನಿಸಬೇಕಾದದ್ದು

ಬದಲಾವಣೆ ಮೊದಲು ಕಾಣುವುದು ಮನೆಯಲ್ಲಿ. ಮಕ್ಕಳೊಡನೆ ಆಡುತ್ತಿದ್ದವರು ಅವರನ್ನು ದೂರವಿಡುವುದು, ನಿದ್ದೆಯಲ್ಲಿ ಕೂಗುವುದು, ಒಬ್ಬರೇ ಕೂತು ಕುಡಿಯತೊಡಗುವುದು, ಬೆಳಿಗ್ಗೆಯೇ ಕೈನಡುಕ ನಿಲ್ಲಿಸಲು ಕುಡಿಯುವುದು ಇವು ಎಚ್ಚರಿಕೆಯ ಗಂಟೆಗಳು. ಕುಡಿತದ ತೀವ್ರತೆಯನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯ 'ಆಡಿಟ್' ಎಂಬ ಹತ್ತು ಪ್ರಶ್ನೆಗಳ ಪಟ್ಟಿಯಿದ್ದು, ಎಂಟು ಅಥವಾ ಹೆಚ್ಚು ಅಂಕ ಬಂದರೆ ವೈದ್ಯರನ್ನು ಕಾಣುವುದು ಒಳಿತು.

'ಏನಾಯಿತು, ಹೇಳಿ' ಎಂದು ಕಾಡಬೇಕಿಲ್ಲ. ಬೈಗುಳ, ಆಣೆ-ಪ್ರಮಾಣಗಳಿಂದಲೂ ಪ್ರಯೋಜನ ಕಡಿಮೆ. 'ಮೊದಲಿನ ಹಾಗೆ ನಿದ್ದೆ ಬರುತ್ತಿಲ್ಲ ಅಲ್ಲವೆ, ಒಟ್ಟಿಗೆ ವೈದ್ಯರ ಬಳಿ ಹೋಗೋಣ' ಎಂದು ನಿದ್ದೆಯ ನೆಪದಿಂದ ಮಾತು ಆರಂಭಿಸಿದರೆ ಎಷ್ಟೋ ಮಂದಿ ಒಪ್ಪುತ್ತಾರೆ. ಕುಡುಕ ಎಂದು ಒಪ್ಪಿಕೊಳ್ಳುವುದು ಕಷ್ಟ. ನಿದ್ದೆಯಿಲ್ಲ ಎಂದು ಒಪ್ಪಿಕೊಳ್ಳುವುದು ಸುಲಭ. ಸಾಯುವ ಮಾತು ಬಂದರೆ ಮಾತ್ರ ಅದನ್ನು ಎಂದಿಗೂ ಹಗುರವಾಗಿ ತೆಗೆದುಕೊಳ್ಳದೆ ಅಂದೇ ನೆರವು ಪಡೆಯಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ನಿಮ್ಹಾನ್ಸ್ ಮಾರ್ಗದರ್ಶನದ ಈ ಉಚಿತ ಸೇವೆ ಕನ್ನಡದಲ್ಲೂ ದೊರೆಯುತ್ತದೆ.

ಇಂದು ರಾತ್ರಿಯೂ ಬಳ್ಳಾರಿ ರಸ್ತೆಯಲ್ಲಿ ಸೈರನ್ ಕೂಗುತ್ತದೆ. ನಾವು ಎಂದಿನಂತೆ ದಾರಿ ಬಿಡೋಣ, ಗಾಯಾಳು ಉಳಿಯಲಿ ಎಂದು ಹಾರೈಸೋಣ. ಜೊತೆಗೆ, ಆ ವಾಹನ ತೊಳೆದು ಬೆಳಗಿನ ಜಾವ ಮನೆಗೆ ಮರಳುವ ಇಬ್ಬರಿಗೆ ಬಾಟಲಿಯಿಲ್ಲದೆಯೂ ನಿದ್ದೆ ಬರುವಂತಹ ವ್ಯವಸ್ಥೆಯನ್ನು ಕೇಳೋಣ. ನಾಳೆ ನಮ್ಮ ಮನೆಯಿಂದಲೇ ಕರೆ ಹೋದಾಗ ಬರಬೇಕಾದವರು ಅವರೇ.